ರಾಡಿಯೊಳಗಿನ ಉತ್ತರ ದಿಕ್ಕು

2019ರ ಆಗಸ್ಟಿನಲ್ಲಿ ದೂಧಗಂಗಾ ನದಿ ದಡ ಮೀರಿ ಬೆಳಗಾವಿ ಜಿಲ್ಲೆಯ ಸದಲಗಾ ಸುತ್ತಲಿನ ಕಬ್ಬಿನ ಹೊಲಗಳಿಗೆ ನುಗ್ಗಿತು. ಕೃಷ್ಣಾ, ವೇದಗಂಗಾ ಕೂಡ ತುಂಬಿ ಹರಿಯುತ್ತಿದ್ದವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹೊಳೆದಂಡೆಯ ಜನ ದನಕರು ಹೊಡೆದುಕೊಂಡು ಎತ್ತರದ ಜಾಗಗಳಿಗೆ, ಕಾಳಜಿ ಕೇಂದ್ರಗಳಿಗೆ ಹೋದರು. ನೀರು ಇಳಿದ ಮೇಲೆ ಹೊಲದಲ್ಲೂ ಮನೆಯ ಪಡಸಾಲೆಯಲ್ಲೂ ಉಳಿದದ್ದು ನುಣ್ಣನೆಯ ರಾಡಿ. ಅದನ್ನು ಸಲಿಕೆಯಿಂದ ಎಳೆದು ಹೊರಗೆ ಹಾಕಿದವರಿಗೆ ಅದು ಹಾನಿಯ ಗುರುತು ಮಾತ್ರ. ಹೊಳೆಯ ದಂಡೆಯಲ್ಲಿ ಯಾರ ಕೈಗೂ ಸಿಗದೆ ಉಳಿದ ರಾಡಿಯಲ್ಲಿ ಮಾತ್ರ ಒಂದು ದಾಖಲೆ ಬಿತ್ತು. ಅದರೊಳಗಿನ ಕಬ್ಬಿಣದ ಕಣಗಳಲ್ಲಿ ಕೆಲವು ಭೂಮಿಯ ಆಯಸ್ಕಾಂತ ಕ್ಷೇತ್ರದ ಕಡೆ ಮುಖ ಮಾಡಿ ಅಲ್ಲೇ ನಿಂತವು.

ನೀರಲ್ಲಿ ತೇಲಿ ಬಂದ ಮಣ್ಣು ದಿಕ್ಕನ್ನು ಹಿಡಿಯುವುದು ಯಾವಾಗ, ಹಿಡಿದದ್ದನ್ನು ಬಿಡದೆ ಇಟ್ಟುಕೊಳ್ಳುವುದು ಹೇಗೆ? ಈ ಎರಡು ಪ್ರಶ್ನೆಗಳ ಹಿಂದೆ ವಿಜ್ಞಾನಿಗಳು ಇಪ್ಪತ್ತನೆಯ ಶತಮಾನದ ದೊಡ್ಡ ಭಾಗವನ್ನೇ ಕಳೆದಿದ್ದಾರೆ. ಅದೇ ವರ್ಷಗಳಲ್ಲಿ, ಬಹುಪಾಲು ಅದೇ ಮನುಷ್ಯರು, ಭಾರತ ಉಪಖಂಡ ಒಂದು ಕಾಲಕ್ಕೆ ಭೂಮಧ್ಯರೇಖೆಯ ಆಚೆ ದಕ್ಷಿಣದಲ್ಲಿತ್ತು ಎಂಬುದನ್ನೂ ಕಂಡುಹಿಡಿದರು. ಅದಕ್ಕೆ ಸಾಕ್ಷಿ ನುಡಿದದ್ದು ಸದಲಗಾದ ನೆಲದಡಿಯಲ್ಲಿರುವಂಥದೇ ಕರಿಕಲ್ಲು.

ದೂಧಗಂಗೆಯ ಉಸುಕಿನಲ್ಲಿ ಒಂದು ಆಯಸ್ಕಾಂತ ಆಡಿಸಿದರೆ ಕಪ್ಪು ಕಣಗಳು ಅಂಟಿಕೊಳ್ಳುತ್ತವೆ. ಅವು ಟೈಟಾನಿಯಂ ಬೆರೆತ ಮ್ಯಾಗ್ನೆಟೈಟ್. ಸಹ್ಯಾದ್ರಿಯ ಲಾವಾ ಕಲ್ಲು ಮಳೆಗೆ ಕೊರೆದು, ಬಿಸಿಲಿಗೆ ಸಿಡಿದು, ಮಣ್ಣಾಗಿ ಹೊಳೆಗೆ ಇಳಿದಾಗ ಈ ಕಣಗಳೂ ಇಳಿಯುತ್ತವೆ. ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಈ ಸೀಮೆಯ ಕಲ್ಲುಗಳನ್ನು ಊರೂರು ತಿರುಗಿ ಮೊದಲು ಕ್ರಮವಾಗಿ ಬರೆದಿಟ್ಟವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಸೀಮೆಯ ಭೂವಿವರಣೆ ಎಂಬ ಅವರ ಗ್ರಂಥ 1876ರಲ್ಲಿ ಬಂತು. ಗೋಕಾಕದ ಹತ್ತಿರ ಘಟಪ್ರಭೆಯ ಹಳೆಯ ಮೆಕ್ಕಲಿನಲ್ಲಿ ಅವರಿಗೆ ಘೇಂಡಾಮೃಗದ ಎಲುಬುಗಳೂ ಸಿಕ್ಕಿದ್ದವು. ಹೊಳೆಯ ಹೂಳು ತನ್ನೊಳಗೆ ಏನೇನು ಕಾಪಿಟ್ಟುಕೊಳ್ಳುತ್ತದೆ ಎಂಬುದು ನಮ್ಮ ಜಿಲ್ಲೆಯಲ್ಲಿ ಹಾಗೆ ಮೊದಲು ಎಲುಬಿನ ರೂಪದಲ್ಲಿ ಗೊತ್ತಾಯಿತು. ಆಯಸ್ಕಾಂತದ ಮಾತು ಬರಲು ಇನ್ನೂ ಎಷ್ಟೋ ವರ್ಷ ಬೇಕಿತ್ತು.

ಲಾವಾ ದಿಕ್ಕು ಹಿಡಿಯುವ ಬಗೆ ಸರಳ. ಕಾದ ಕಲ್ಲು ತಣಿಯುತ್ತ 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಂದಂತೆ ಅದರೊಳಗಿನ ಮ್ಯಾಗ್ನೆಟೈಟ್ ಆಗಿನ ಭೂಕ್ಷೇತ್ರದ ದಿಕ್ಕನ್ನು ಹಿಡಿದುಕೊಳ್ಳುತ್ತದೆ. ಟೈಟಾನಿಯಂ ಹೆಚ್ಚಿದ್ದರೆ ಇನ್ನೂ ಕಡಿಮೆ ಉಷ್ಣತೆಯಲ್ಲಿ. ದಖ್ಖನ್ನಿನ ಲಾವಾದ ದೊಡ್ಡ ಪಾಲು ಹರಿದಾಗ ಭೂಮಿಯ ಕ್ಷೇತ್ರ ಇಂದಿನದಕ್ಕೆ ತದ್ವಿರುದ್ಧವಾಗಿತ್ತು. ಅಂದಿನ ಕಾಲದಲ್ಲಿ ದಿಕ್ಸೂಚಿ ಇದ್ದಿದ್ದರೆ ಅದರ ಮುಳ್ಳು ದಕ್ಷಿಣ ತೋರಿಸುತ್ತಿತ್ತು. ಆದ್ದರಿಂದ ಸಹ್ಯಾದ್ರಿಯ ಬಂಡೆಯಲ್ಲಿ ಕೂತಿರುವಷ್ಟು ಕಾಲ ಆ ಕಣಗಳ ಮುಖ ಬಹುಮಟ್ಟಿಗೆ ದಕ್ಷಿಣಕ್ಕೆ. ಬಂಡೆ ಒಡೆದು ಕಣ ನೀರಿಗೆ ಬಿದ್ದ ಕ್ಷಣ ಅದು ಸ್ವತಂತ್ರ. ಕಣದೊಳಗಿನ ಆಯಸ್ಕಾಂತ ಲಾವಾ ಕೊಟ್ಟದ್ದು, ಹಾಗೇ ಉಳಿದಿರುತ್ತದೆ. ಅದು ಯಾವ ಕಡೆ ನೋಡಬೇಕೆಂಬುದನ್ನು ಮಾತ್ರ ಇನ್ನು ಹೊಳೆ ಮತ್ತು ಇಂದಿನ ಭೂಕ್ಷೇತ್ರ ಕೂಡಿ ತೀರ್ಮಾನಿಸುತ್ತವೆ.

ಮಣ್ಣಿನ ಪದರಗಳಲ್ಲೂ ಇಂಥ ದಾಖಲೆ ಇರಬಹುದೆಂದು ಅಳೆದು ನೋಡಿದವರಲ್ಲಿ ಮೊದಲಿಗರು ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯ ಭೂಕಾಂತತ್ವ ವಿಭಾಗದವರು. 1938ರಲ್ಲಿ ಮೆಕ್‌ನಿಶ್ ಮತ್ತು ಜಾನ್ಸನ್ ಅಮೆರಿಕದ ಹಳೆಯ ಹಿಮನದಿ ಸರೋವರಗಳ ತಳದ ಮಣ್ಣನ್ನು ತೆಗೆದುಕೊಂಡರು. ಅಂಥ ಸರೋವರದಲ್ಲಿ ವರ್ಷಕ್ಕೊಂದು ಜೋಡಿ ಪದರ ಬೀಳುತ್ತದೆ. ಹಿಮ ಕರಗುವ ಬೇಸಿಗೆಯಲ್ಲಿ ದಪ್ಪ ಕಣ, ಚಳಿಗಾಲದಲ್ಲಿ ನುಣುಪು ಕಣ. ಪದರ ಎಣಿಸಿದರೆ ವರ್ಷ ಸಿಗುತ್ತದೆ, ಪದರದ ಆಯಸ್ಕಾಂತ ಅಳೆದರೆ ಆ ವರ್ಷದ ಉತ್ತರ ದಿಕ್ಕು ಸಿಗಬೇಕು. ಲೆಕ್ಕ ಅಷ್ಟು ಚೊಕ್ಕವಾಗಿ ಕಂಡಿತ್ತು.

ಸ್ವೀಡನ್ನಿನ ಗುಸ್ತಾಫ್ ಈಸಿಂಗ್ ಇಂಥದೇ ಜೇಡಿಮಣ್ಣನ್ನು ಅಳೆದು 1940ರ ದಶಕದ ಆರಂಭದಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಒಂದು ತೊಡಕು ಕಾಣಿಸಿತು. ಮಣ್ಣು ತೋರಿಸುವ ಬಾಗು, ಕ್ಷೇತ್ರಕ್ಕೆ ಇರಬೇಕಾದ ಬಾಗಿಗಿಂತ ಕಡಿಮೆಯಿತ್ತು. ಬಾಗು ಅಂದರೇನೆಂದು ಇಲ್ಲಿ ಹೇಳಬೇಕು. ನಡುವಿಗೆ ದಾರ ಕಟ್ಟಿ ತೂಗುಬಿಟ್ಟ ಆಯಸ್ಕಾಂತದ ಕಡ್ಡಿ ಬರೀ ಉತ್ತರ ನೋಡುವುದಿಲ್ಲ, ನೆಲದ ಕಡೆಗೂ ಬಾಗುತ್ತದೆ. ಭೂಮಧ್ಯರೇಖೆಯ ಆಸುಪಾಸಿನಲ್ಲಿ ಅದು ಅಡ್ಡವಾಗಿ ಮಲಗಿರುತ್ತದೆ, ಧ್ರುವದಲ್ಲಿ ನೆಟ್ಟಗೆ ನಿಲ್ಲುತ್ತದೆ. ನಡುವಿನ ಊರುಗಳಲ್ಲಿ ಅಕ್ಷಾಂಶಕ್ಕೆ ತಕ್ಕಷ್ಟು ಬಾಗು. ಅಂದರೆ ಹಳೆಯ ಕಲ್ಲಿನ ಬಾಗು ಗೊತ್ತಾದರೆ ಆ ಕಲ್ಲು ಹುಟ್ಟಿದ ಅಕ್ಷಾಂಶ ಗೊತ್ತಾಗುತ್ತದೆ. ಮಣ್ಣು ಬಾಗನ್ನು ತಪ್ಪಾಗಿ ಹೇಳಿದರೆ ಅಕ್ಷಾಂಶವೇ ತಪ್ಪುತ್ತದೆ.

1948ರಲ್ಲಿ ಜಾನ್ಸನ್, ಮರ್ಫಿ, ಟೊರೆಸನ್ ಮೂವರೂ ಆ ಮಣ್ಣನ್ನು ನೀರಲ್ಲಿ ಕದಡಿ, ಪ್ರಯೋಗಾಲಯದಲ್ಲಿ ಮತ್ತೆ ಕೆಳಗೆ ಕೂರಲು ಬಿಟ್ಟರು. ಗೊತ್ತಿರುವ ಕ್ಷೇತ್ರದಲ್ಲಿ ಕೂತರೂ ಬಾಗು ಕಡಿಮೆಯೇ ಬಂತು. ಮರುವರ್ಷ ಅದೇ ಸಂಸ್ಥೆಯ ಜಾನ್ ಗ್ರಹಾಂ ಎದುರಿನ ತಕ್ಕಡಿಗೂ ತೂಕ ಹಾಕಿದರು. ಪದರಗಳು ಅಡ್ಡವಾಗಿದ್ದಾಗ ದಿಕ್ಕು ಹಿಡಿದು, ಆಮೇಲೆ ಬೆಟ್ಟ ಏಳುವಾಗ ಮಡಚಿಕೊಂಡಿದ್ದರೆ, ಮಡಿಕೆಯ ಎರಡೂ ಕಡೆಯ ದಿಕ್ಕು ಬೇರೆ ಬೇರೆಯಾಗಿರಬೇಕು. ಕಾಗದದ ಮೇಲೆ ಮಡಿಕೆ ಬಿಡಿಸಿದರೆ ಅವು ಮತ್ತೆ ಒಂದಾಗಬೇಕು. ಮೇರಿಲ್ಯಾಂಡಿನ ಬಹು ಹಳೆಯ ಕೆಂಪು ಪದರಗಳಲ್ಲಿ ಅವರಿಗೆ ಹಾಗೇ ಸಿಕ್ಕಿತು. ಮಣ್ಣು ಕಲ್ಲಾಗಿ, ಕಲ್ಲು ಬೆಟ್ಟವಾಗಿ ಮಡಚಿದರೂ ಹಿಡಿದ ದಿಕ್ಕು ಕೋಟ್ಯಂತರ ವರ್ಷ ಉಳಿಯಬಲ್ಲದು. ಈ ಮಡಿಕೆ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಈ ವಿದ್ಯೆಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಮಾತನ್ನು ಸಾಧಿಸಿದ ಪರೀಕ್ಷೆ ಇನ್ನೊಂದಿಲ್ಲ ಎಂದು ನನಗನಿಸುತ್ತದೆ.

ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಉಪಕರಣ ಸಿದ್ಧವಾಗುತ್ತಿತ್ತು. ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್‌ಗೆ ತಿರುಗುವ ಪ್ರತಿಯೊಂದು ವಸ್ತುವೂ ತಿರುಗುವುದರಿಂದಲೇ ಆಯಸ್ಕಾಂತವಾಗುತ್ತದೆಂಬ ಊಹೆಯಿತ್ತು. ಅದನ್ನು ಪರೀಕ್ಷಿಸಲು ಬ್ಯಾಂಕ್ ಆಫ್ ಇಂಗ್ಲೆಂಡಿನಿಂದ 15 ಕಿಲೋ ತೂಕದ ಚಿನ್ನದ ಸಿಲಿಂಡರ್ ತರಿಸಿ, ಅತಿ ಸೂಕ್ಷ್ಮ ಕಾಂತಮಾಪಕ ಕಟ್ಟಿ ಅಳೆದರು. ಊಹೆ ಸುಳ್ಳಾಯಿತು, 1952ರಲ್ಲಿ ಅದನ್ನು ಅವರೇ ಪ್ರಕಟಿಸಿದರು. ಉಪಕರಣ ಮಾತ್ರ ಕಲ್ಲಿನ ಕ್ಷೀಣ ಆಯಸ್ಕಾಂತ ಅಳೆಯಲು ಹೇಳಿ ಮಾಡಿಸಿದಂತಿತ್ತು.

ಅದರಿಂದ ಲಾಭ ಪಡೆದವರಲ್ಲಿ ಕೇಂಬ್ರಿಜ್‌ನ ಎಡ್ವರ್ಡ್ ಅರ್ವಿಂಗ್ ಒಬ್ಬರು. 1951ರಲ್ಲಿ ಭೂವಿಜ್ಞಾನದ ಪದವಿ ಮುಗಿಸಿದ್ದ ಈ ಯುವಕನ ಮುಖ್ಯ ಕೆಲಸ ಸ್ಕಾಟ್ಲೆಂಡಿನ ಟಾರಿಡನ್ ಮರಳುಗಲ್ಲಿನ ಮೇಲೆ. ಅದು ಸುಮಾರು ನೂರು ಕೋಟಿ ವರ್ಷ ಹಳೆಯ ಹೊಳೆಗಳ ಹೂಳು. ಜೊತೆಗೆ ಇನ್ನೊಂದು ಯೋಚನೆಯೂ ಅವರ ತಲೆಯಲ್ಲಿತ್ತು. ಖಂಡಗಳು ಸರಿದಿವೆ ಎಂದು ಆಲ್ಫ್ರೆಡ್ ವೇಗೆನರ್ ಹೇಳಿದ್ದನ್ನು ಆಗ ಬಹುತೇಕ ಭೂವಿಜ್ಞಾನಿಗಳು ನಂಬುತ್ತಿರಲಿಲ್ಲ. ವೇಗೆನರ್ ಪ್ರಕಾರ ಎಲ್ಲಕ್ಕಿಂತ ಹೆಚ್ಚು ದೂರ ಬಂದದ್ದು ಭಾರತ. ಹಾಗಾದರೆ ಭಾರತದ ಕಲ್ಲಿನ ಬಾಗನ್ನೇ ಕೇಳೋಣ ಎಂದರು ಅರ್ವಿಂಗ್. ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ಅದಕ್ಕೆ ಉತ್ಸಾಹದಿಂದ ಬೆನ್ನಿಗೆ ನಿಂತರು. ಭಾರತದಲ್ಲಿ ಅವರಿಗೆ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸರಂಥ ಗೆಳೆಯರಿದ್ದರು. ಚೆದುರಿದ ದಿಕ್ಕುಗಳಿಂದ ಸರಾಸರಿ ದಿಕ್ಕು ತೆಗೆಯುವ ಗಣಿತವನ್ನು 1953ರಲ್ಲಿ ಕಟ್ಟಿಕೊಟ್ಟವರೂ ಫಿಶರ್ ಅವರೇ. ದಖ್ಖನ್ನಿನ ಲಾವಾದ ಕೆಲವು ತುಣುಕುಗಳು ಕೇಂಬ್ರಿಜ್ ತಲುಪಿದವು. ಅವುಗಳ ಬಾಗು ಇಂದಿನ ಭಾರತದ ಅಕ್ಷಾಂಶಕ್ಕೆ ಹೊಂದಲೇ ಇಲ್ಲ. ಭೂಮಧ್ಯರೇಖೆಯ ದಕ್ಷಿಣಕ್ಕೆ, ಬಹು ದೂರಕ್ಕೆ ಕೈ ತೋರಿಸಿತು.

1954ರಲ್ಲಿ ಅರ್ವಿಂಗ್ ಡಾಕ್ಟರೇಟ್ ಪ್ರಬಂಧ ಕೊಟ್ಟರು, ಪರೀಕ್ಷಕರು ಅದನ್ನು ತಿರಸ್ಕರಿಸಿದರು. ಅರ್ವಿಂಗ್ ಆಸ್ಟ್ರೇಲಿಯಾದ ಕ್ಯಾನ್‌ಬೆರಾಕ್ಕೆ ಹೋದರು. ಕೆಲಸ ಮಾತ್ರ ನಿಲ್ಲಲಿಲ್ಲ. 1956ರಲ್ಲಿ ಬ್ಲ್ಯಾಕೆಟ್ ಬಳಗದ ಕ್ಲೆಗ್, ಡಾಯ್ಚ್, ಗ್ರಿಫಿತ್ಸ್ ದಖ್ಖನ್ ಲಾವಾದ ಅಳತೆಗಳನ್ನು ಪ್ರಕಟಿಸಿದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಾಧಾಕೃಷ್ಣಮೂರ್ತಿ ಮತ್ತು ಸಹಸ್ರಬುದ್ಧೆ ಡಾಯ್ಚ್ ಜೊತೆಗೂಡಿ 1959ರಲ್ಲಿ ಇನ್ನಷ್ಟು ಅಳತೆ ಕೊಟ್ಟರು. ಆರ್. ಎನ್. ಆಠವಲೆ ಕೊಲ್ಹಾಪುರದ ಪಶ್ಚಿಮಕ್ಕಿರುವ ಆಂಬಾ ಘಾಟಿನ ಲಾವಾ ಪದರಗಳ ಅಧ್ಯಯನವನ್ನು 1970ರಲ್ಲಿ ಪ್ರಕಟಿಸಿದರು. ದೂಧಗಂಗಾ ಹುಟ್ಟುವುದು ಇದೇ ಸಹ್ಯಾದ್ರಿ ಸಾಲಿನಲ್ಲಿ. ಎಲ್ಲ ಅಳತೆಗಳೂ ಕೂಡಿ ಹೇಳಿದ್ದು ಒಂದೇ. ಲಾವಾ ಹರಿದಾಗ ಈ ನೆಲ ಸುಮಾರು 30 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿತ್ತು, ಅಲ್ಲಿಂದ 5000 ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ ಬಂದಿದೆ. ಸದಲಗಾದಲ್ಲಿ ಬಾವಿ ತೋಡುವಾಗ ಹಾರೆಗೆ ಸಿಗುವ ಕರಿಕಲ್ಲೂ ಈ ಪಯಣದ ಸಹಯಾತ್ರಿಯೇ.

ಲಾವಾದ ಸಾಕ್ಷಿಯನ್ನು ನಂಬಲು ಕಾರಣವಿತ್ತು. ಮಣ್ಣಿನ ಸಾಕ್ಷಿಯ ಮೇಲೆ ಅನುಮಾನ ಮಾತ್ರ ಬೆಳೆಯುತ್ತಲೇ ಹೋಯಿತು. 1955ರಲ್ಲಿ ಆರ್. ಎಫ್. ಕಿಂಗ್ ನೀರಿನಲ್ಲಿ ಹೂಳು ಕೂರಿಸುವ ಪ್ರಯೋಗಗಳನ್ನು ಅಚ್ಚುಕಟ್ಟಾಗಿ ಮಾಡಿ ತಪ್ಪಿಗೆ ಒಂದು ಸೂತ್ರವನ್ನೇ ಕೊಟ್ಟರು. ಮಣ್ಣಿನ ಬಾಗಿನ ಸ್ಪರ್ಶಕ, ಅಂದರೆ ಶಾಲೆಯ ಟ್ಯಾನ್, ಕ್ಷೇತ್ರದ ಬಾಗಿನ ಟ್ಯಾನ್‌ನ ಸುಮಾರು 0.4 ಪಾಲು ಮಾತ್ರ. ಕಾರಣ ಕಣದ ಆಕಾರದಲ್ಲಿದೆ. ಚಪ್ಪಟೆಯಾದ, ಉದ್ದವಾದ ಕಣ ನೀರಲ್ಲಿ ಕ್ಷೇತ್ರಕ್ಕೆ ಸರಿಯಾಗಿ ಬಾಗಿಯೇ ಇಳಿಯುತ್ತದೆ, ತಳ ಮುಟ್ಟಿದ ಕೂಡಲೇ ಅಡ್ಡ ಬೀಳುತ್ತದೆ. ದುಂಡು ಕಣ ಉರುಳುತ್ತದೆ.

ಈ ತಪ್ಪು ಎಷ್ಟು ದೊಡ್ಡದೆಂದು ಸದಲಗಾದ ಲೆಕ್ಕದಲ್ಲೇ ನೋಡಬಹುದು. ಊರು ಇರುವುದು ಸುಮಾರು ಹದಿನಾರೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಭೂಕ್ಷೇತ್ರದ ಏರಿಳಿತಗಳನ್ನು ಸಾವಿರಾರು ವರ್ಷಗಳಿಗೆ ಸರಾಸರಿ ಮಾಡಿದರೆ ಇಲ್ಲಿ ಬಾಗು ಸುಮಾರು 31 ಡಿಗ್ರಿ ಬರಬೇಕು. ಕಿಂಗ್ ಸೂತ್ರದಂತೆ ಹೂಳು ಕೂತರೆ ಅದು 13 ಡಿಗ್ರಿ ಎನ್ನುತ್ತದೆ. ಆ 13 ಡಿಗ್ರಿಯನ್ನು ನಂಬಿ ಅಕ್ಷಾಂಶ ತೆಗೆದರೆ 7 ಡಿಗ್ರಿಗಿಂತ ಕಡಿಮೆ. ಅಂದರೆ ದೂಧಗಂಗೆಯ ರಾಡಿ, ಸದಲಗಾ ಕನ್ಯಾಕುಮಾರಿಗಿಂತ ದಕ್ಷಿಣಕ್ಕೆ ಸಮುದ್ರದಲ್ಲಿದೆ ಎಂದು ಸಾಕ್ಷಿ ಹೇಳುತ್ತದೆ. ಖಂಡಗಳ ಚರಿತ್ರೆಯನ್ನು ಮಣ್ಣಿನಿಂದ ಬರೆಯಲು ಹೊರಟವರು ಇಂಥ ತಪ್ಪನ್ನು ಪಕ್ಕಕ್ಕಿಟ್ಟು ಮುಂದೆ ಹೋಗುವಂತಿರಲಿಲ್ಲ.

ದಾರಿ ತೋರಿಸಿದ್ದು ಮತ್ತೆ ಅರ್ವಿಂಗ್, ಅದೂ ಅವರ ಹಳೆಯ ಟಾರಿಡನ್ ಮರಳುಗಲ್ಲಿನಿಂದ. ಅಲ್ಲಿ ಕೆಲವು ಪದರಗಳು ಇನ್ನೂ ಹಸಿಯಾಗಿದ್ದಾಗಲೇ ಕುಸಿದು, ಸುರುಳಿ ಸುತ್ತಿಕೊಂಡು ಗಟ್ಟಿಯಾಗಿವೆ. ಕಣ ತಳ ಮುಟ್ಟಿದಾಗಲೇ ದಿಕ್ಕು ಖಾಯಂ ಆಗುವುದಾದರೆ ಈ ಸುರುಳಿಯ ಸುತ್ತ ದಿಕ್ಕೂ ಸುತ್ತಬೇಕಿತ್ತು. ಹಾಗಾಗಿರಲಿಲ್ಲ. ಸುರುಳಿಯ ಎಲ್ಲ ಭಾಗದಲ್ಲೂ ದಿಕ್ಕು ಹೆಚ್ಚುಕಡಿಮೆ ಒಂದೇ ಇತ್ತು. ಕುಸಿತ ಮುಗಿದ ಮೇಲೆ, ನೀರಿನ್ನೂ ಒಳಗಿದ್ದಾಗ, ಕಣಗಳು ಮತ್ತೊಮ್ಮೆ ತಿರುಗಿದ್ದವು. 1957ರಲ್ಲಿ ಅವರು ಪ್ರಕಟಿಸಿದ ಈ ಮಾತು ಇಡೀ ಪ್ರಶ್ನೆಯನ್ನೇ ಬದಲಾಯಿಸಿತು. ಮಣ್ಣು ದಿಕ್ಕು ಹಿಡಿಯುವ ಗಳಿಗೆ ಕೆಳಗೆ ಬಿದ್ದ ಗಳಿಗೆಯಲ್ಲ. ಹಾಲಿಗೆ ಹೆಪ್ಪು ಹಾಕಿದ ಕೂಡಲೇ ಮೊಸರಾಗದೆ, ರಾತ್ರಿಯಲ್ಲಿ ಯಾವಾಗಲೋ ಗಟ್ಟಿಯಾದಂತೆ, ಇದೂ ಆಮೇಲೆ ಕೂಡುವ ಸಂಗತಿ.

ಕ್ಯಾನ್‌ಬೆರಾದಲ್ಲಿ ಅರ್ವಿಂಗ್ ಮತ್ತು ಸಹೋದ್ಯೋಗಿ ಮೇಜರ್ 1964ರಲ್ಲಿ ಇದನ್ನು ಕೈಯಾರೆ ಮಾಡಿ ತೋರಿಸಿದರು. ಬೆಣಚುಕಲ್ಲಿನ ಪುಡಿ, ಮ್ಯಾಗ್ನೆಟೈಟ್ ಪುಡಿ ಬೆರೆಸಿ, ಒಣಗಿದ್ದನ್ನೇ ತುಂಬಿಟ್ಟು, ಆಮೇಲೆ ನೀರುಣಿಸಿದರು. ಇಲ್ಲಿ ಕಣ ನೀರಲ್ಲಿ ತೇಲಿ ಇಳಿಯುವ ಪ್ರಶ್ನೆಯೇ ಇಲ್ಲ. ಆದರೂ ನೀರು ತುಂಬಿದ ಸಂದುಗಳಲ್ಲಿ ಸಣ್ಣ ಮ್ಯಾಗ್ನೆಟೈಟ್ ಕಣಗಳು ತಿರುಗಿ ಕ್ಷೇತ್ರದ ದಿಕ್ಕು ಹಿಡಿದವು, ಬಾಗೂ ಸರಿಯಾಗಿತ್ತು. 1973ರಲ್ಲಿ ಅಮೆರಿಕದ ಡೆನಿಸ್ ಕೆಂಟ್ ಆಳಸಮುದ್ರದ ಹೂಳನ್ನೇ ಕದಡಿ, ನೀರು ಇಳಿಸಿ ಒಣಗಲು ಬಿಟ್ಟರು. ಕ್ಷೇತ್ರ ಎಷ್ಟು ಬಾಗಿತ್ತೋ ಹೂಳೂ ಅಷ್ಟೇ ಬಾಗು ಹಿಡಿಯಿತು.

ಒಳಗೆ ನಡೆಯುವುದು ಇಷ್ಟು. ಹೊಸದಾಗಿ ಕೂತ ಹೂಳಿನಲ್ಲಿ ಮಣ್ಣಿಗಿಂತ ನೀರೇ ಹೆಚ್ಚು. ದೊಡ್ಡ ಕಣಗಳ ನಡುವಿನ ಸಂದುಗಳಲ್ಲಿ ನುಣುಪು ಕಣಗಳಿಗೆ ತಿರುಗಲು ಜಾಗವಿರುತ್ತದೆ. ತಳದ ಹುಳುಗಳು ಕದಡಿದರೆ ಇನ್ನೂ ಜಾಗ. ಮೇಲೆ ಹೊಸ ಹೂಳು ಬಿದ್ದು ಭಾರ ಹೆಚ್ಚಿದಂತೆ ನೀರು ಹಿಂಡಿ ಹೊರಹೋಗುತ್ತದೆ, ಸಂದು ಕಿರಿದಾಗುತ್ತದೆ, ಕಣ ಸಿಕ್ಕಿಕೊಳ್ಳುತ್ತದೆ. ದೊಡ್ಡದು ಮೊದಲು, ಸಣ್ಣದು ಆಮೇಲೆ. ಹಾಗಾಗಿ ಒಂದೇ ಪದರ ಒಂದೇ ದಿನ ದಿಕ್ಕು ಹಿಡಿಯುವುದಿಲ್ಲ. ಎಲ್ಲ ಕಣಗಳೂ ಹಿಡಿಯುವುದೂ ಇಲ್ಲ. ನಿಂತ ನೀರಲ್ಲಿ ಒಂಟಿ ಕಣವೊಂದು ಕ್ಷಣಮಾತ್ರದಲ್ಲಿ ಉತ್ತರಕ್ಕೆ ತಿರುಗಬಲ್ಲದೆಂದು ಲೆಕ್ಕ ಹೇಳುತ್ತದೆ. ವಾಸ್ತವದಲ್ಲಿ ಜೇಡಿ ಕಣಗಳು ಒಂದಕ್ಕೊಂದು ಅಂಟಿ ಉಂಡೆಯಾಗಿ ಇಳಿಯುತ್ತವೆ, ಒಳಗೆ ಸಿಕ್ಕ ಮ್ಯಾಗ್ನೆಟೈಟ್‌ಗೆ ಉಂಡೆಯನ್ನು ಪೂರ್ತಿ ತಿರುಗಿಸುವ ಬಲವಿಲ್ಲ. ಸಾವಿರ ಕಣ ಎತ್ತೆತ್ತಲೋ ನೋಡುತ್ತಿರುವಾಗ ಉತ್ತರದ ಕಡೆ ಇರುವ ಅಲ್ಪ ಹೆಚ್ಚುವರಿಯೇ ನಮಗೆ ಸಿಗುವ ದಾಖಲೆ.

ಸಿಕ್ಕಿಕೊಂಡ ಮೇಲೂ ಅಪಾಯ ತಪ್ಪಿಲ್ಲ. ಸೊಪ್ಪುಸದೆ ಕೊಳೆತು ಉಸಿರುಗಟ್ಟಿದ ಕೆಸರಿನಲ್ಲಿ ಮ್ಯಾಗ್ನೆಟೈಟ್ ನಿಧಾನವಾಗಿ ಕರಗಿ ಹೋಗುತ್ತದೆ, ಅದರ ಜಾಗದಲ್ಲಿ ಗಂಧಕ ಸೇರಿದ ಬೇರೆ ಆಯಸ್ಕಾಂತ ಖನಿಜಗಳು ಬೆಳೆದು, ಬೆಳೆದ ಕಾಲದ ದಿಕ್ಕನ್ನು ಬರೆಯುತ್ತವೆ. ಕೆಂಪು ಕಲ್ಲುಗಳ ಕೆಂಪೇ ಎಷ್ಟೋ ಕಾಲದ ನಂತರ ಬಂದದ್ದಿರಬಹುದು. 1975ರಲ್ಲಿ ರಿಚರ್ಡ್ ಬ್ಲೇಕ್‌ಮೋರ್ ಕೆಸರಿನಲ್ಲಿ ಬದುಕುವ, ಒಡಲೊಳಗೆ ಆಯಸ್ಕಾಂತ ಕಣಗಳ ಸಾಲನ್ನೇ ಕಟ್ಟಿಕೊಂಡು ಕ್ಷೇತ್ರದ ಗುಂಟ ಈಜುವ ಬ್ಯಾಕ್ಟೀರಿಯಾಗಳ ಬಗ್ಗೆ ಬರೆದರು. ಅವು ಸತ್ತ ಮೇಲೆ ಆ ಕಣಗಳೂ ಹೂಳಿಗೆ ಸೇರುತ್ತವೆ. ಇದೆಲ್ಲದರ ಮೇಲೆ ಇಂದಿನ ಕ್ಷೇತ್ರದ ಒತ್ತಡ ಸದಾ ಇರುತ್ತದೆ. ದುರ್ಬಲ ಕಣಗಳು ಕಾಲ ಕಳೆದಂತೆ ಅದರ ಕಡೆ ವಾಲುತ್ತವೆ. ಒಂದು ಕಣ ತನ್ನ ದಿಕ್ಕನ್ನು ಎಷ್ಟು ಕಾಲ ಹಿಡಿದಿಡಬಲ್ಲದು ಎಂಬುದು ಅದರ ಗಾತ್ರ, ಉಷ್ಣತೆಗಳ ಮೇಲೆ ನಿಂತಿದೆ ಎಂದು ಫ್ರಾನ್ಸಿನ ಲೂಯಿ ನೀಲ್ 1949ರಲ್ಲಿ ಗಣಿತದಿಂದ ತೋರಿಸಿದ್ದರು. ಮಾದರಿಯನ್ನು ಹಂತ ಹಂತವಾಗಿ ಕಾಯಿಸಿ, ಇಲ್ಲವೇ ಹಿಂದುಮುಂದಾಗುವ ಕ್ಷೇತ್ರದಲ್ಲಿಟ್ಟು, ಮೇಲಿನ ದುರ್ಬಲ ಬರಹ ಅಳಿಸಿ ಹಳೆಯದನ್ನು ಓದುವುದು ಈಗಿನ ಪದ್ಧತಿ.

ಎಷ್ಟು ಆಳದಲ್ಲಿ ದಿಕ್ಕು ಬೀಗ ಹಾಕಿಕೊಳ್ಳುತ್ತದೆ ಎಂಬ ಜಗಳ ಇನ್ನೂ ಪೂರ್ತಿ ತೀರಿಲ್ಲ. ಭೂಕ್ಷೇತ್ರ ಕೊನೆಯ ಬಾರಿ ತಿರುಗುಮುರುಗಾದದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. 1990ರಲ್ಲಿ ಡಿಮೆನೊಕಲ್, ರಡಿಮನ್, ಕೆಂಟ್ ಸಮುದ್ರತಳದ ಹೂಳಿನಲ್ಲಿ ಆ ಗುರುತನ್ನು ಹೋಲಿಸಿ, ಬೀಗ ಬೀಳುವುದು ಸುಮಾರು 16 ಸೆಂಟಿಮೀಟರ್ ಆಳದಲ್ಲಿ ಎಂದರು. 1996ರಲ್ಲಿ ಲೀಸಾ ಟಾಕ್ಸ್ ಮತ್ತು ಸಂಗಡಿಗರು ಇನ್ನಷ್ಟು ಮಾದರಿ ನೋಡಿ, ಆ ಆಳ ಲೆಕ್ಕಕ್ಕೇ ಬರದಷ್ಟು ಕಡಿಮೆ ಎಂದು ವಾದಿಸಿದರು. ಸಾವಿರ ವರ್ಷಕ್ಕೆ 2 ಸೆಂಟಿಮೀಟರ್ ಹೂಳು ಬೀಳುವ ಕಡಲಿನಲ್ಲಿ 16 ಸೆಂಟಿಮೀಟರ್ ಅಂದರೆ 8000 ವರ್ಷಗಳ ವ್ಯತ್ಯಾಸ. ಮುಂಗಾರಿನ ಹಳೆಯ ಏರಿಳಿತಗಳಿಗೆ ಕಾಲ ನಿಗದಿ ಮಾಡುವವರಿಗೆ ಇದು ಚಿಲ್ಲರೆ ಮಾತಲ್ಲ.

ಕರ್ನಾಟಕದಲ್ಲಿ ಹೂಳಿನ ಆಯಸ್ಕಾಂತವನ್ನು ಮುಂಗಾರಿನ ಚರಿತ್ರೆಗೆ ದುಡಿಸಿದವರು ಮಂಗಳೂರು ವಿಶ್ವವಿದ್ಯಾನಿಲಯದ ಆರ್. ಶಂಕರ್ ಮತ್ತು ಅವರ ಸಂಗಡಿಗರು. ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯ ಹೂಳಿನಿಂದ 3700 ವರ್ಷಗಳ ಮಳೆಯ ಏರಿಳಿತವನ್ನು ಅವರು 2006ರಲ್ಲಿ ಪ್ರಕಟಿಸಿದರು. ಅವರು ಓದಿದ್ದು ದಿಕ್ಕನ್ನಲ್ಲ, ಕಣಗಳ ಪ್ರಮಾಣ ಮತ್ತು ಗುಣವನ್ನು. ಮಳೆ ಜೋರಾದ ಕಾಲದಲ್ಲಿ ದಿನ್ನೆಯ ಮಣ್ಣು ಹೆಚ್ಚು ತೊಳೆದು ಕೆರೆಗೆ ಬರುತ್ತದೆ, ಅದರ ಜೊತೆ ಆಯಸ್ಕಾಂತ ಕಣವೂ ಹೆಚ್ಚು ಬರುತ್ತದೆ. ಬೀಗದ ಆಳದ ಜಗಳ ಇಂಥ ಓದಿಗೆ ಅಡ್ಡ ಬರುವುದಿಲ್ಲ. ಕೆರೆಯ ಹೂಳನ್ನು ಗೊಬ್ಬರವೆಂದು ಹೊಲಕ್ಕೆ ಹೇರುವ ನಾಡಿನಲ್ಲಿ, ಹಾಗೆ ಹೇರುವ ಮೊದಲು ಒಂದೆರಡು ಕೊಳವೆಯಷ್ಟಾದರೂ ಹೂಳನ್ನು ಇಂಥ ಓದಿಗೆ ಉಳಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಸದಲಗಾ ಸೀಮೆಯಲ್ಲಿ ದಿಕ್ಕನ್ನು ಓದಬೇಕಾದರೆ ಹೊಲದ ಎರಿ ಮಣ್ಣು ಉಪಯೋಗಕ್ಕೆ ಬಾರದು. ಎರಿ ನೆಲ ಬೇಸಿಗೆಯಲ್ಲಿ ಆಳಕ್ಕೆ ಬಿರಿಯುತ್ತದೆ, ಮೇಲಿನ ಮಣ್ಣು ಬಿರುಕಿಗೆ ಉದುರುತ್ತದೆ, ಮಳೆಗೆ ಉಬ್ಬಿದಾಗ ಕೆಳಗಿನದು ಮೇಲಕ್ಕೆ ಒತ್ತರಿಸುತ್ತದೆ. ವರ್ಷ ವರ್ಷ ತನ್ನನ್ನೇ ತಾನು ಮಗುಚಿಕೊಳ್ಳುವ ಈ ಮಣ್ಣಿನಲ್ಲಿ ಕಣ ಎಷ್ಟೇ ಇದ್ದರೂ ದಿಕ್ಕು ನಿಲ್ಲುವುದಿಲ್ಲ. ಕಬ್ಬಿನ ನೇಗಿಲೂ ಟ್ರ್ಯಾಕ್ಟರೂ ಉಳಿದದ್ದನ್ನು ಕೆಡಿಸುತ್ತವೆ. ಬೇಕಾದದ್ದು ದೂಧಗಂಗೆಯೋ ಕೃಷ್ಣೆಯೋ ಕೊರೆದು ಕಡಿದಾಗಿಸಿದ ದಂಡೆ, ಮಹಾಪೂರ ಬಿಟ್ಟುಹೋದ ನುಣುಪು ಪದರಗಳು ಒಂದರ ಮೇಲೊಂದು ಕದಡದೆ ಉಳಿದ ಜಾಗ. ನೀರು ಇಳಿದ ಏಪ್ರಿಲ್–ಮೇ ತಿಂಗಳಲ್ಲಿ ದಂಡೆಯ ಒಣಗಿದ ಹೊರಪದರ ಕೆರೆದು ತೆಗೆದು, ಹಸಿ ಮಣ್ಣಿಗೆ ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿ ಒತ್ತಬೇಕು. ತೆಗೆಯುವ ಮೊದಲೇ ಅದರ ಮೇಲೆ ಉತ್ತರದ ಗುರುತು, ಮಟ್ಟದ ಗುರುತು ಹಾಕಬೇಕು. ಕರಿಕಲ್ಲಿನ ಬಂಡೆ ಹತ್ತಿರವಿದ್ದರೆ ದಿಕ್ಸೂಚಿ ಮೋಸ ಹೋಗುತ್ತದೆ, ಸೂರ್ಯನ ನೆರಳಿನಿಂದ ತಾಳೆ ನೋಡಬೇಕು. ಪ್ರಯೋಗಾಲಯದಲ್ಲಿ ದುರ್ಬಲ ಬರಹ ಅಳಿಸಿ, ಬಹಳ ಪದರಗಳ ಸರಾಸರಿ ತೆಗೆದ ಮೇಲೆ ಸಿಗುವ ಬಾಗು 31 ಡಿಗ್ರಿಯ ಹತ್ತಿರವೋ 13ರ ಹತ್ತಿರವೋ ಎಂಬುದರಿಂದ, ಈ ಹೊಳೆಯ ರಾಡಿ ಬಿದ್ದಾಗಲೇ ದಿಕ್ಕು ಹಿಡಿಯಿತೋ, ನೀರು ಹಿಂಡಿ ಹೋಗುವವರೆಗೆ ಕಾದಿತ್ತೋ ಎಂಬುದು ತಿಳಿಯುತ್ತದೆ.